ಮರಗಪ್ಪೆಯ ದಿಬ್ಬಣ

ಅಜ್ಜಂಪುರದ ಮೋಟಾರ್ ರಿಪೇರಿ ತಿಪ್ಪೇಶನ ಸಂಸಾರ ಕೆಡಿಸಿದ್ದು ಒಂದು ಹಿಡಿ ನೊರೆ. ಮುಂಗಾರಿನ ಮೊದಲ ಮಳೆಗೆ ಯಾವುದೋ ಮರಗಪ್ಪೆ ಅವನ ಹಿತ್ತಲ ನೀರಿನ ತೊಟ್ಟಿಯ ಗೋಡೆಗೆ ಮೊಟ್ಟೆ ಸಮೇತ ಅದನ್ನು ಮೆತ್ತಿ ಹೋಗಿತ್ತು. ನಾಲ್ಕಾರು ದಿನಕ್ಕೆ ನೊರೆಯೊಳಗಿಂದ ಗೊದಮೊಟ್ಟೆಗಳು ತೊಟ್ಟಿಗೆ ಉದುರಿದವು. ಸುಮ್ಮನಿದ್ದರಾಗಿತ್ತು. ತಿಪ್ಪೇಶ ಅವನ್ನೆಲ್ಲ ಟಬ್ಬಿಗೆ ತುಂಬಿ ನಡುಮನೆಗೆ ತಂದು, ದಿನಾ ದಂಟಿನ ಸೊಪ್ಪು ಬೇಯಿಸಿ ಹಾಕತೊಡಗಿದ.

ಮದುವೆಯಾಗಿ ವರ್ಷ ತುಂಬದ ಹೆಂಡತಿ ಅನಿತಾ ಇದನ್ನು ನೋಡಿ ನೋಡಿ ರೋಸಿಹೋದಳು. "ನಂಗೊಂದಿನ ಕಾಫಿ ಕಾಯಿಸ್ಕೊಡ್ಲಿಲ್ಲ, ಇವಕ್ಕೆ ಅಡುಗೆ ಮಾಡ್ತೀರ" ಎಂದವಳೇ ಸಿಂಗಟಗೆರೆಯ ತವರಿಗೆ ಬಸ್ಸು ಹತ್ತಿದಳು.

ಇವತ್ತು ಬೆಳಿಗ್ಗೆ ಅವಳ ಫೋನು. "ಸಂಜೆ ಬತ್ತಿದೀನಿ. ಮನೇಲಿ ಒಂದು ಕಪ್ಪೆ ಕಂಡ್ರೂ ವಾಪಸ್."

ತಿಪ್ಪೇಶನಿಗೆ ಹಿಗ್ಗೋ ಹಿಗ್ಗು. ಆದರೆ ಅವನ ಮರಿಗಳೂ ಬಾಲ ಕರಗಿಸಿಕೊಂಡು ಟಬ್ಬು ಹತ್ತಿ ಹೊರಬರಲು ಇದೇ ದಿನವನ್ನು ಹುಡುಕಿಕೊಂಡಿದ್ದವು. ಉಗುರಿನಷ್ಟಿದ್ದ ಅವು ಟಿವಿ, ಕಿಟಕಿ, ಕ್ಯಾಲೆಂಡರು ಎಲ್ಲೆಂದರಲ್ಲಿ ಅಂಟಿಕೊಂಡವು. ಒಂದಂತೂ ಗೋಡೆಯ ಮೇಲಿದ್ದ ಅಪ್ಪನ ಫೋಟೋದ ಹಣೆಗೇ ಹೋಗಿ ಕೂತಿತು. ಅದನ್ನು ಹಿಡಿಯಲು ಸ್ಟೂಲು ಹತ್ತಿದ ತಿಪ್ಪೇಶ ಸ್ಟೂಲಿನ ಸಮೇತ ಕೆಳಗೆ ಬಿದ್ದ.

ಸದ್ದಿಗೆ ಪಕ್ಕದ ಮನೆಯ ದುರ್ಗಮ್ಮ ಓಡಿಬಂದಳು. ಬಿದ್ದವನನ್ನು ಎತ್ತಲಿಲ್ಲ, ಗೋಡೆ ನೋಡಿ ಕೈಮುಗಿದಳು.

"ಲೇ ತಿಪ್ಪೇಶ, ಮಳೆ ಕೈಕೊಟ್ಟೈತೆ, ಕಪ್ಪೆ ಮದುವೆ ಮಾಡಾನ ಅಂತ ಬೀದಿಯೋರೆಲ್ಲ ಹೆಣ್ಣು ಹುಡುಕ್ತಾವ್ರೆ. ನೀನು ಇಷ್ಟೊಂದು ಮಕ್ಕಳ್ನ ಬಚ್ಚಿಟ್ಕಂಡಿದೀಯಲ್ಲೋ."

"ಗಂಡು ಹೆಣ್ಣು ಎರಡೂ ಇಲ್ಲೇ ಆರಿಸ್ಕಳಿ ದೊಡ್ಡಮ್ಮ."

"ಥೂ, ಒಂದೇ ತೊಟ್ಟಿ ಮಕ್ಕಳು, ಅಣ್ಣ ತಂಗಿ ಆಗಲ್ವೇನೋ? ಗಂಡನ್ನ ಬುಕ್ಕಾಂಬುಧಿ ಕೆರೇಲಿ ಹುಡುಕ್ತೀವಿ, ಮದುವೆನೂ ಅಲ್ಲೇ. ನೀನು ಹೆಣ್ಣು ಕೊಡು."

"ಮೊನ್ನೆವರೆಗೂ ಬಾಲ ಇದ್ದ ಮಗು ಕಣಮ್ಮ. ಬಾಲ್ಯವಿವಾಹ ಅಂತ ಕೇಸ್ ಹಾಕ್ತಾರೆ."

ಅಷ್ಟು ಹೇಳುವಾಗಲೇ ತಿಪ್ಪೇಶನ ತಲೆ ಓಡಿತು. ಹೆಣ್ಣೊಂದೇ ಹೋದರೆ ಸಾಲದು, ಮನೆಯೆಲ್ಲ ಖಾಲಿಯಾಗಬೇಕು. "ಕೊಡ್ತೀನಿ. ಆದ್ರೆ ನಮ್ಮ ಕಡೆ ದಿಬ್ಬಣನೂ ಬರುತ್ತೆ, ಒಂದನ್ನೂ ಬಿಡಂಗಿಲ್ಲ" ಎಂದ.

ಬೀದಿಗೆ ಬೀದಿಯೇ ಒಳಗೆ ನುಗ್ಗಿತು. ಒಬ್ಬರು ಬೀರು ಸರಿಸಿದರು, ಒಬ್ಬರು ಸೌಟು ಹಿಡಿದು ಸೋಫಾದಡಿ ನುಸುಳಿದರು. ದಪ್ಪಗಿದ್ದುದೇ ಹೆಣ್ಣು ಎಂದು ದುರ್ಗಮ್ಮ ತೀರ್ಮಾನಿಸಿ ಅರಿಶಿನದ ನೀರು ಚಿಮುಕಿಸಿದಳು. ಅದೇ ಬೀದಿಯ ಚಿಕ್ಕಬೀರಪ್ಪನ ಲಗೇಜ್ ಆಟೋದಲ್ಲಿ ಕಪ್ಪೆಗಳ ಬಕೆಟ್ಟು, ವಾಲಗದವರು, ಹೆಂಗಸರು ಎಲ್ಲ ಸೇರಿ ಕೆರೆಯ ಕಡೆ ಹೊರಟರು. ಹೆಣ್ಣಿನ ತಂದೆ ಬರಲೇಬೇಕೆಂದು ಎಳೆದರೂ ತಿಪ್ಪೇಶ ಸೊಂಟ ಹಿಡಿದುಕೊಂಡು ತಪ್ಪಿಸಿಕೊಂಡ. ಆದರೂ ಆಟೋ ಮರೆಯಾಗುವವರೆಗೆ ಬಾಗಿಲಲ್ಲೇ ನಿಂತು ಕೈ ಬೀಸಿದ.

ಆಮೇಲೆ ಕಸ ಗುಡಿಸಿದ, ನೆಲ ಒರೆಸಿದ, ಟಬ್ಬು ತೊಳೆದು ಬೋರಲು ಹಾಕಿದ. ಸಂಜೆ ಬಂದ ಅನಿತಾ ಹೊರಗೇ ನಿಂತು ಗೋಡೆ, ಸೂರು, ಅಪ್ಪನ ಹಣೆ ಎಲ್ಲ ನೋಡಿದಳು. ಒಂದೂ ಇಲ್ಲ. "ಪರವಾಗಿಲ್ವೇ" ಎಂದು ನಕ್ಕು ಒಳಗೆ ಬಂದಳು. ತಿಪ್ಪೇಶ ಬದುಕಿನಲ್ಲಿ ಮೊದಲ ಸಲ ಅವಳಿಗೆ ಕಾಫಿಗಿಟ್ಟ.

ಹಾಲು ಉಕ್ಕುವ ಹೊತ್ತಿಗೆ ಬೀದಿಯಲ್ಲಿ ವಾಲಗ. ದುರ್ಗಮ್ಮ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ತೂತು ಬಿಟ್ಟ ಡಬ್ಬಿ, ಡಬ್ಬಿಯಲ್ಲಿ ಮದುಮಗಳು.

"ಮದುವೆ ಜೋರಾಗಾಯ್ತು. ಆದ್ರೆ ನಾಳೆಯಿಂದ ಆಷಾಢ ಕಣಪ್ಪಾ. ಹೊಸ ಹೆಣ್ಣು ಗಂಡನ ಮನೇಲಿ ಇರ್ಬಾರ್ದು. ತವರಲ್ಲಿಟ್ಕೋ" ಎಂದು ಡಬ್ಬಿಯನ್ನು ತಿಪ್ಪೇಶನ ಕೈಗೆ ತುರುಕಿದಳು.

ತಿಪ್ಪೇಶ ಬೆವರುತ್ತ ಹೆಂಡತಿಯ ಮುಖ ನೋಡಿದ. ದುರ್ಗಮ್ಮನೂ ಅವಳನ್ನೇ ನೋಡಿ ಗಲ್ಲದ ಮೇಲೆ ಕೈಯಿಟ್ಟಳು. "ಅಲ್ಲ ಕಣೇ ಅನಿತಾ, ನಿಂದೂ ಮೊದಲ್ನೇ ಆಷಾಢ ಅಲ್ವೇನೇ? ತವರಿಂದ ಯಾಕೆ ಬಂದೆ? ಹೊರಡು ಹೊರಡು."

ಅನಿತಾ ಡಬ್ಬಿಯ ಕಡೆ ಒಮ್ಮೆ ನೋಡಿ, ಬಿಚ್ಚದ ಬ್ಯಾಗನ್ನು ಹೆಗಲಿಗೆ ಹಾಕಿಕೊಂಡಳು.

"ತಡಿಯೇ, ನಾನೂ ಬತ್ತೀನಿ" ಎಂದ ತಿಪ್ಪೇಶ.

"ಆಷಾಢದಲ್ಲಿ ಅಳಿಯ ಅತ್ತೆಮನೆ ಹೊಸಿಲು ತುಳಿಯಂಗಿಲ್ಲ" ಎಂದು ದುರ್ಗಮ್ಮ ಅವನ ತೋಳು ಹಿಡಿದು ಕೂರಿಸಿದಳು. "ನೀನು ಮಗಳ್ನ ನೋಡ್ಕೋ. ಶ್ರಾವಣ ಬತ್ತಿದ್ದಂಗೆ ಅಳಿಯನ್ನೂ, ಅವನ ಕಡೆಯೋರ್ನೂ ಬಕೆಟ್ ತುಂಬ ಕರ್ಕೊಂಡ್ ಬತ್ತೀವಿ."