ಸೀರಿಯಲ್ ಅತ್ತೆ, ಅಮೃತೂರಿನ ಅಜ್ಜಿ

ಅಂಗನವಾಡಿ ಮೇಲ್ವಿಚಾರಕಿಯಾದ ನನಗೆ ಬಾಲ್ಯವಿವಾಹ ತಡೆಯುವುದೂ ಒಂದು ಕೆಲಸ. ಟಿವಿಯಲ್ಲಿ ಎಳೆಯ ಹುಡುಗಿಯ ಮದುವೆಯ ಸೀರಿಯಲ್ ಶುರುವಾದ ಮೇಲಂತೂ ನಗಬೇಕೋ ಅಳಬೇಕೋ ತಿಳಿಯದ ಪ್ರಸಂಗ ವಾರಕ್ಕೊಂದಾದರೂ ಗ್ಯಾರಂಟಿ.

೧. ಗುಬ್ಬಿಯ ದೂರು

ಬಟವಾಡಿಯಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಗುಬ್ಬಿಯಿಂದ ಹೆಂಗಸೊಬ್ಬರ ಫೋನು.

"ಮೇಡಂ, ಹದಿಮೂರು ವರ್ಷದ ಮಗೀಗೆ ನಾಳೆ ತಾಳಿ ಕಟ್ತಾರೆ. ಏನಾದ್ರೂ ಮಾಡಿ!"

ತಕ್ಷಣ ಡೈರಿ ತೆಗೆದೆ. "ಮುಹೂರ್ತ ಎಷ್ಟೊತ್ತಿಗಮ್ಮ?"

"ಸಂಜೆ ಏಳಕ್ಕೆ. ಮೊದಲ್ನೇ ಜಾಹೀರಾತು ಮುಗಿದ್ ತಕ್ಷಣ."

೨. ಅಮೃತೂರಿನ ಪಾಠ

ಅಮೃತೂರಿನ ತಾಯಂದಿರ ಸಭೆಯಲ್ಲಿ ಆ ಸೀರಿಯಲ್ ಹುಡುಗಿಯನ್ನು ನೆನೆದು ಎಲ್ಲರಿಗಿಂತ ಹೆಚ್ಚು ಅತ್ತವರು ಒಬ್ಬ ಅಜ್ಜಿ. ಅದೇ ಅಜ್ಜಿ ತಾವೇ ಸಾಕಿದ, ಒಂಬತ್ತನೇ ಕ್ಲಾಸಿನ ಮಗಳ ಮಗಳನ್ನು ತಮ್ಮ ಕಿರಿಮಗನಿಗೆ ತಂದುಕೊಳ್ಳಲು ಮಾತುಕತೆ ಮುಗಿಸಿದ್ದರು! ಅಜ್ಜಿಯ ಪಕ್ಕದಲ್ಲೇ ಕೂತಿದ್ದ ಆ ಹುಡುಗಿಗೋ ನರ್ಸಿಂಗ್ ಓದುವ ಆಸೆ. ನನಗೆ ರೇಗಿಹೋಯಿತು.

"ಅಷ್ಟೊಂದು ಅಳ್ತೀರಲ್ಲ ಅಜ್ಜಿ, ಆ ಸೀರಿಯಲ್ ನೋಡಿ ಕಲಿತಿದ್ದೇನು?"

ಅಜ್ಜಿ ಕಣ್ಣೊರೆಸಿಕೊಂಡರು. "ಅತ್ತೆ ಒಳ್ಳೇವ್ಳಾಗಿರ್ಬೇಕು ಕಣವ್ವ. ನಮ್ ಹುಡ್ಗೀಗೆ ಆ ಭಯ ಇಲ್ಲ ಬುಡು, ಅತ್ತೆ ನಾನೇ!"

ಕಾನೂನು ಹೇಳಿ, ಹೆದರಿಸಿ ಬಂದೆ. ಆದರೂ ಆ ಮಗುವಿನ ಮುಖ ಕಣ್ಣಿಂದ ಹೋಗಲಿಲ್ಲ.

೩. ಅಜ್ಜಿಯ ಫೋನು

ವಾರದ ಮೇಲೆ ಅಜ್ಜಿಯದೇ ಫೋನು. "ಮೇಡಂ, ಇಲ್ಲೊಂದು ಮದ್ವೆ ನಿಲ್ಲಿಸ್ಬೇಕು."

"ಮಾಡ್ತಿರೋರು ಯಾರು?"

"ನಾನೇ!"

ಆಗಿದ್ದಿಷ್ಟು. ಹುಡುಗಿ ಸೀರಿಯಲ್ ಸೊಸೆಯಂತೆ ತಲೆಗೆ ದುಪಟ್ಟಾ ಹೊದ್ದು, ಅಜ್ಜಿಯ ಕಾಲಿಗೆ ಬಿದ್ದು, "ಅತ್ತೆಮ್ಮಾ, ಊಟಕ್ಕೇಳಿ" ಎಂದು ಮೂಲೆಯಲ್ಲಿ ನಿಂತಳಂತೆ. ಒಂದಲ್ಲ, ಮೂರು ದಿನ.

"ನನ್ ಕೈತುತ್ತು ತಿಂದು ಬೆಳೆದ ಮಗು ಕಣವ್ವ, ಅಜ್ಜಿ ಅನ್ನೋದೇ ಬುಟ್ಬುಟ್ಟದೆ. ನಂಗೆ ಮುದ್ದೆ ಇಳೀತಿಲ್ಲ. ಆದ್ರೆ ನೆಂಟ್ರಿಗೆಲ್ಲ ಹೇಳ್ಬುಟ್ಟಿದೀನಿ, ಈಗ ನಾನೇ ಬ್ಯಾಡ ಅಂದ್ರೆ ಮರ್ಯಾದೆ ಹೋಯ್ತದೆ. ನೀವೇ ಬಂದು ನಿಲ್ಸಿ. ಎಲ್ಲರ ಮುಂದೆ ಜೋರಾಗಿ ಬಯ್ತೀನಿ, ಬೇಜಾರ್ ಮಾಡ್ಕಬೇಡಿ."

ಹೋದೆ. ನೆಂಟರೆಲ್ಲ ಸೇರಿದ್ದರು. ಅಜ್ಜಿ ಬಾಗಿಲಲ್ಲೇ ಸೊಂಟಕ್ಕೆ ಕೈಯಿಟ್ಟು ಶುರುಮಾಡಿದರು. "ನಮ್ಮನೆ ಮದ್ವೆ ನಿಲ್ಸಕ್ಕೆ ನೀನ್ಯಾವಳೇ?" ನನ್ನ ವಂಶವನ್ನೆಲ್ಲ ಜಾಲಾಡಿದರು. ಹದಿನೆಂಟು ತುಂಬುವವರೆಗೆ ಮದುವೆಯಿಲ್ಲ ಎಂದು ಮುಚ್ಚಳಿಕೆ ಬರೆಸಿದೆ. ಬೈಯುತ್ತಲೇ ಎಲ್ಲರಿಗಿಂತ ಮೊದಲು ಹೆಬ್ಬೆಟ್ಟು ಒತ್ತಿದವರೂ ಅವರೇ. ಒಳಗಿನಿಂದ ಹುಡುಗಿ "ಅಜ್ಜೀ" ಎಂದು ಕೂಗಿದಾಗ ನನ್ನ ಕಣ್ಣು ತುಂಬಿತು.

ನಾನು ಹೊರಟೆ. ಅಜ್ಜಿ ಬೈಯುತ್ತಲೇ ಗೇಟಿನವರೆಗೂ ಬಂದರು. ಅಲ್ಲಿ ಹಿಂದಿರುಗಿ ನೆಂಟರನ್ನೊಮ್ಮೆ ನೋಡಿ, ನನ್ನ ಕಿವಿಯ ಹತ್ತಿರ ಬಂದು ಮೆಲ್ಲಗೆ ಕೇಳಿದರು:

"ಇಷ್ಟು ಸಾಕಾ ಮೇಡಂ, ಇನ್ನೊಂಚೂರು ಬೈಲಾ?"