ಕರಾಚಿಗೆ ಎಲಿ ಹೋಗ್ತಾವೇನು?

ಇಡೀ ದೇಶ ಸ್ವಾತಂತ್ರ್ಯ ಬೇಕೆಂದು ಕೂಗುತ್ತಿದ್ದಾಗ, "ಸ್ವಲ್ಪ ತಡೀರಿ, ನಂದೊಂದು ಪ್ರಶ್ನೆ ಅದ" ಎಂದು ಕೈ ಎತ್ತಿದ ಪುಣ್ಯಾತ್ಮ ನಮ್ಮ ಸೋದರಮಾವ! ಇಂಗ್ಲಿಷರ ಮೇಲೆ ಪ್ರೀತಿಯೇ? ಛೇ, ಇಲ್ಲಪ್ಪ! ಕಲೆಕ್ಟರ ಮೋಟಾರು ಬೀದಿಯಲ್ಲಿ ಹಾದುಹೋದರೆ ಮೈಲಿಗೆಯಾಯಿತೆಂದು ಅಂಗಳಕ್ಕೆ ನೀರು ಹಾಕಿಸುವ ಮನುಷ್ಯ. ಅವನಿಗೆ ಎಲ್ಲದರ ಮೇಲೂ ಸಂಶಯ, ಅಷ್ಟೇ. ನಮ್ಮ ಪಂಚಾಂಗದಲ್ಲಿ ಏಕಾದಶಿ ಎಂದಿದ್ದರೂ, ಪಕ್ಕದ ಮನೆಯ ಪಂಚಾಂಗ ತರಿಸಿ ನೋಡಿಯೇ ಉಪವಾಸ ಕೂಡುತ್ತಿದ್ದ.

ನಾನೂ ಬೆಳೆದ ಅವನ ಮನೆ ಸವಣೂರಲ್ಲಿ, ಅಂದರೆ ನವಾಬರ ಸಂಸ್ಥಾನದಲ್ಲಿ. ಹೊಲ ಶಿಗ್ಗಾಂವಿ ಕಡೆ, ಅಂದರೆ ಇಂಗ್ಲಿಷರ ರಾಜ್ಯದಲ್ಲಿ. ಗಾಡಿ ಹೂಡಿ ಹೊಲಕ್ಕೆ ಹೊರಟರೆ ನಡುದಾರಿಯಲ್ಲಿ ರಾಜ ಬದಲಾಗುತ್ತಿದ್ದ! ಇಂಗ್ಲಿಷರಿಗೆ ಕಂದಾಯ ಕಟ್ಟುವವರಿಗೆ ಆಗ ವೋಟಿತ್ತು; ಆ ಹೊಲದ ಕಂದಾಯದ ದೆಸೆಯಿಂದಲೇ ಮಾವನಿಗೆ ಒಂದು ವೋಟು ದಕ್ಕಿತ್ತು.

ಅವನಿಗೊಬ್ಬ ಗೆಳೆಯ, ಎಲೆ ತೋಟದ ಸಾಹೇಬರು. ಸವಣೂರಿನ ವೀಳ್ಯದೆಲೆಯನ್ನು ಬುಟ್ಟಿ ಕಟ್ಟಿಸಿ ರೈಲಿನಲ್ಲಿ ಮುಂಬೈಗೆ, ಅಲ್ಲಿಂದ ಹಡಗಿನಲ್ಲಿ ಕರಾಚಿಗೆ ಕಳಿಸುವುದು ಅವರ ವ್ಯಾಪಾರ. ಒಬ್ಬಳೇ ಮಗಳನ್ನೂ ಕರಾಚಿಗೇ ಕೊಟ್ಟಿದ್ದರು. ವರ್ಷಕ್ಕೊಮ್ಮೆ ಹೋಗಿ ನೋಡಿ ಬರುತ್ತಿದ್ದರು. ಅವರು ತಿರುಗಿ ಬರುವತನಕ ಮಾವ ಮನೆಮಂದಿಯ ಮೇಲೆಲ್ಲ ಹರಿಹಾಯುತ್ತಿದ್ದ.

ಮಾವ ಕಡು ಮಡಿವಂತ. ಸಾಹೇಬರ ಮನೆಯ ನೀರನ್ನೂ ಮುಟ್ಟುವವನಲ್ಲ. ಎಲೆ ಮಾತ್ರ ಬಳ್ಳಿಯಲ್ಲಿ ಬಿಟ್ಟಿದ್ದು, ಬೇಯಿಸಿದ್ದಲ್ಲ, ಅದಕ್ಕೆಲ್ಲಿಯ ಮೈಲಿಗೆ ಎಂಬ ಶಾಸ್ತ್ರ ಅವನದೇ. ಬೇರೆಯವರು ಕೊಟ್ಟ ಎಲೆಯನ್ನು ಎರಡೆರಡು ಸಲ ತೊಳೆಯುತ್ತಿದ್ದವನು, ಸಾಹೇಬರು ಕೊಟ್ಟದ್ದನ್ನು ಧೋತರಕ್ಕೆ ಒರೆಸಿ ಹಾಗೆಯೇ ಬಾಯಿಗೆ ಹಾಕುತ್ತಿದ್ದ! ಕೇಳಿದರೆ, "ನೀರು ಬಿದ್ರ ರುಚಿ ಹೋಗ್ತದೋ ಮಂಗ್ಯಾ" ಎನ್ನುವನು. ಹೀಗೆ ದಿನಾ ಸಂಜೆ ನಮ್ಮ ಕಟ್ಟೆಯ ಮೇಲೆ ಎಲೆ ಅವರದು, ಅಡಿಕೆ-ಸುಣ್ಣ ಇವನದು, ಜಗಳ ಇಬ್ಬರದು.

ಸ್ವಾತಂತ್ರ್ಯದ ಹಿಂದಿನ ವರ್ಷ ಇಂಗ್ಲಿಷರ ಪ್ರಾಂತದಲ್ಲಿ ಚುನಾವಣೆ ಬಂತು; ಖಾದಿಯವರಿಗೆ ಹಾಕಿದರೆ ಸ್ವಾತಂತ್ರ್ಯಕ್ಕೇ ಹಾಕಿದಂತೆ ಎಂದು ನಮ್ಮ ಲೆಕ್ಕ. ಖಾದಿ ಟೊಪ್ಪಿಗೆಯ ಹುರುಪಿನಲ್ಲಿದ್ದ ನಾನು ಪ್ರಚಾರದವರೊಬ್ಬರನ್ನು ಕಟ್ಟೆಗೇ ಕರೆತಂದೆ. ಅವರು ಭಾರತಮಾತೆಯಿಂದ ಹಿಡಿದು ಉಪ್ಪಿನವರೆಗೆ ಮಾತಾಡಿದರು. ಮಾವ ಪೂರಾ ಕೇಳಿಸಿಕೊಂಡು,

"ಎಲ್ಲಾ ಖರೇರಿ. ಸ್ವಾತಂತ್ರ್ಯ ಬಂದ ಮ್ಯಾಲೆ ಕರಾಚಿಗೆ ಎಲಿ ಹೋಗ್ತಾವೇನು?" ಎಂದ.

ಅವರು ಕಕ್ಕಾಬಿಕ್ಕಿ. "ಹೋಗ್ತಾವ್ರಿ, ಯಾಕ ಹೋಗೂದಿಲ್ಲ?"

"ದೇಶಾ ಎರಡು ಮಾಡ್ತಾರಂತ ಸುದ್ದಿ ಅದ. ನಡುವ ಬೇಲಿ ಹಾಕಿದ್ರ?"

"ಎಲಿಗೆ ಯಾರು ಬೇಲಿ ಹಾಕ್ತಾರ್ರಿ!"

ಎಲೆ ಬರೀ ನೆಪ. ಸಾಹೇಬರು ಹೋಗಿ ಬರುವ ದಾರಿ ಮುಚ್ಚಿಬಿಟ್ಟರೆ ಎಂಬುದೇ ಅವನ ಹೆದರಿಕೆ. ಅದನ್ನು ಬಾಯಿಬಿಟ್ಟು ಹೇಳಲಿಕ್ಕಾಗುತ್ತದೆಯೇ? ಸಾಹೇಬರೇ ಪಕ್ಕದಲ್ಲಿ ಕುಳಿತಿದ್ದರಲ್ಲ! "ಆಚಾರ್ರ, ನನ್ನ ಎಲಿ ಚಿಂತಿ ನಿಮಗ್ಯಾಕ್ರಿ? ಸುಮ್ನ ವೋಟು ಹಾಕ್ರಿ" ಎಂದು ಅವರು ನಕ್ಕರು.

ಮತದ ದಿನ ಸಾಹೇಬರೂ ಗಾಡಿ ಹತ್ತಿದರು. ಸಂಸ್ಥಾನದ ಆಚೆ ಹೊಲವಿಲ್ಲದ ಅವರಿಗೆಲ್ಲಿಯ ವೋಟು? "ಆಚಾರ್ರು ಹಾಕೂದು ನೋಡಾಕ ಹೊಂಟೇನಿ" ಎಂದರು. ಶಿಗ್ಗಾಂವಿಯಲ್ಲಿ ಮತಗಟ್ಟೆಯ ಒಳಗೆ ಹೋದ ಮಾವ ಹೊರಗೆ ಬರಲೇ ಇಲ್ಲ. ಸಾಲಿನಲ್ಲಿದ್ದವರು ಗೊಣಗಿದರು. ಕಡೆಗೆ ಅಧಿಕಾರಿಯೇ ಬಾಗಿಲತನಕ ಬಂದು ಬಿಟ್ಟುಹೋದ.

"ಇಷ್ಟೊತ್ತು ಒಳಗ ಏನು ಮಾಡಿದ್ರಿ?" ಎಂದರು ಸಾಹೇಬರು.

"ವಿಚಾರ ಮಾಡಾಕತ್ತಿದ್ದೆ."

"ಯಾರಿಗೆ ಹಾಕಿದ್ರಿ?"

"ಅದನ್ನ ಹೇಳೂದಿದ್ರ ಒಳಗ ಯಾಕ ಹೋಗ್ಬೇಕಿತ್ತು? ಇಲ್ಲೇ ನಿಂತು ಕೂಗ್ತಿದ್ದೆ!"

ಸ್ವಾತಂತ್ರ್ಯ ಬಂತು, ದೇಶವೂ ಎರಡಾಯಿತು. ಆ ವರ್ಷ ಮಳೆಗಾಲಕ್ಕೆ ಮುಂಚೆ ಸಾಹೇಬರು, ಮಗಳ ಬಾಣಂತನಕ್ಕೆಂದು ಹೆಂಡತಿಯನ್ನು ಕರೆದುಕೊಂಡು ಕರಾಚಿಗೆ ಹೋಗಿದ್ದರು. "ದೀಪಾವಳಿಯೊಳಗ ಬರ್ತೇನ್ರಿ ಆಚಾರ್ರ" ಎಂದಿದ್ದರು. ಬರಲಿಲ್ಲ. ಮೊದಲು ದಾರಿಯಲ್ಲಿ ಗಲಭೆ ಎಂದರು, ಆಮೇಲೆ ಪರವಾನಗಿ ಬೇಕೆಂದರು. ಅಷ್ಟರಲ್ಲಿ ಸವಣೂರಿನ ಸಂಸ್ಥಾನವೂ ಮುಗಿದು, ನಾವೆಲ್ಲ ಮುಂಬೈ ಪ್ರಾಂತದವರಾದೆವು. ತಮಾಷೆ ನೋಡಿ, ಎಲೆ ಮಾತ್ರ ನಿಲ್ಲಲಿಲ್ಲ! ಕೆಲವು ದಿನ ತಡವರಿಸಿ, ಬೇರೆ ತೋಟದವರ ಬುಟ್ಟಿಗಳು ಕರಾಚಿಗೆಂದು ಮತ್ತೆ ಯಲವಿಗಿ ಸ್ಟೇಶನ್ನಿಗೆ ಹೊರಟವು. ಪ್ರಚಾರದವರ ಮಾತು ಸುಳ್ಳಾಗಲಿಲ್ಲ. ಎಲೆ ಹೋಗುತ್ತಿತ್ತು, ಮನುಷ್ಯ ಬರುತ್ತಿರಲಿಲ್ಲ.

ಬೀದಿಯಲ್ಲಿ ಚಪ್ಪಲಿಯ ಸದ್ದಾದರೆ ಮಾವ ಕತ್ತು ಚಾಚಿ ನೋಡುತ್ತಿದ್ದ. ಬೇರೆ ಯಾರೋ ಎಂದು ಗೊತ್ತಾದ ಮೇಲೆ ಅವರ ಮೇಲೆಯೇ ಸಿಟ್ಟಾಗುತ್ತಿದ್ದ.

ಒಂದು ಸಂಜೆ ಅವನ ಪಕ್ಕ ಕೂಡಲು ಹೋದೆ.

"ಅಲ್ಲಿ ಬ್ಯಾಡ, ಈ ಕಡೆ ಕೂಡು" ಎಂದ. ಅದು ಸಾಹೇಬರ ಜಾಗ.

ಅವನು ಸ್ವಾತಂತ್ರ್ಯಕ್ಕೆ ಹಾಕಿರಲಾರನೆಂದೇ ನಾನು ತಿಳಿದಿದ್ದೆ. ಮನಸ್ಸು ಹಗುರಾಗಲೆಂದು ಕೆಣಕಿದೆ: "ಮಾವಾ, ನಿನ್ನ ಸಂಶಯಾನ ಖರೆ ಆತಲ್ಲ. ನೀ ಸ್ವಾತಂತ್ರ್ಯಕ್ಕ ವೋಟು ಹಾಕದ ಬಂದಿದ್ದು ಛಲೋ ಆತು ಬಿಡು."

ಮಾವ ಸುಣ್ಣ ಸವರುತ್ತಿದ್ದ ಎಲೆಯನ್ನು ಕೆಳಗಿಟ್ಟ.

"ಹಾಕೀನೋ. ಸ್ವಾತಂತ್ರ್ಯಕ್ಕ ಹಾಕೀನಿ. ನಾಳೆ ಮತ್ತ ಕೇಳಿದ್ರೂ ಅದಕ್ಕ ಹಾಕ್ತೇನಿ." ಸಾಹೇಬರ ಜಾಗದ ಕಡೆ ನೋಡಿದ. "ನನಗ ಅದೂ ಬೇಕಿತ್ತೋ. ಅಂವಾನೂ ಬೇಕಾಗಿದ್ದ."