ಚಿಕ್ಕಮ್ಮನ ಪ್ರೋಟೀನು

ಚಿಕ್ಕಮ್ಮನಿಗೆ ಬಾಯಿಯ ಕ್ಯಾನ್ಸರ್ ಎಂದು ತಿಳಿದಾಗ ನಮ್ಮ ಮನೆಯವರಿಗೆ ಮೊದಲು ಕನಿಕರ ಹುಟ್ಟಿದ್ದು ಕ್ಯಾನ್ಸರಿನ ಮೇಲೆ. ತಾನು ಯಾರ ಬಾಯಿಗೆ ಬಿದ್ದಿದ್ದೇನೆಂದು ಅದಕ್ಕೇನು ಗೊತ್ತು, ಪಾಪ!

ಈಕೆ ನನ್ನ ತಾಯಿಯ ತಂಗಿ. ಗಂಡ ಹೋದ ಮೇಲೆ ಆಂಧ್ರದ ಗಡಿಗೆ ಅಂಟಿದ ಗೌನಿಪಲ್ಲಿಯ ಮಾವಿನ ತೋಟವನ್ನು ಒಬ್ಬಳೇ ನೋಡಿಕೊಂಡವಳು. ತೋಟಕ್ಕೆ ನುಗ್ಗುವ ಕೋತಿಗಳನ್ನು ತೆಲುಗಿನಲ್ಲೇ ಬೈಯುತ್ತಿದ್ದಳು. ಯಾಕೆ ಎಂದರೆ, "ಅವು ಗಡಿ ಆಚೆಯಿಂದ ಬರ್ತವೆ ಕಣೇ, ಕನ್ನಡದಲ್ಲಿ ಬೈದ್ರೆ ನಾಟಲ್ಲ" ಎನ್ನುವಳು. ಎಲೆ, ಅಡಿಕೆ, ಕಡ್ಡಿಪುಡಿ ಸದಾ ಎಡಗೆನ್ನೆಯಲ್ಲಿ. ಬೈಯುವ ಮುಂಚೆ ಉಗಿದು ಬರುವಷ್ಟು ಮರ್ಯಾದೆಯನ್ನು ಕೋತಿಗಳಿಗೂ ಕೊಡುತ್ತಿದ್ದಳು.

ಆ ಕೆನ್ನೆಯೊಳಗೇ ಹುಣ್ಣಾಯಿತು. ಮಾವಿನ ಸೊನೆ ತಾಗಿದೆ ಎಂದು ಸುಗ್ಗಿ ಮುಗಿಯುವವರೆಗೂ ತುಪ್ಪ ಸವರಿಕೊಂಡಳು. ಕೊನೆಗೆ ನಾನೇ ಕೋಲಾರದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಚೂರು ತೆಗೆದು ಪರೀಕ್ಷೆಗೆ ಕಳಿಸಿದರು.

"ಅಮ್ಮಾ, ಜೀವಕೋಶಗಳನ್ನ ಒಂದಕ್ಕೊಂದು ಅಂಟಿಸಿ ಹಿಡಿದಿಡೋ ಒಂದು ಪ್ರೋಟೀನ್ ಇರುತ್ತೆ" ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದರು. "ನಿಮ್ಮ ಗಡ್ಡೆಯಲ್ಲಿ ಅದು ತುಂಬಾ ಕಡಿಮೆ ಇದೆ. ಹಾಗಿದ್ದಾಗ ಕೋಶಗಳು ಕಳಚಿಕೊಂಡು ಕುತ್ತಿಗೆಗೆ ಇಳಿಯೋ ಭಯ ಜಾಸ್ತಿ. ಕೆನ್ನೆ ಜೊತೆ ಕುತ್ತಿಗೆ ಗಂಟುಗಳನ್ನೂ ತೆಗೆಯೋದು ಒಳ್ಳೇದು."

ಇಷ್ಟರಲ್ಲಿ ಚಿಕ್ಕಮ್ಮನ ಕಿವಿಗೆ ಬಿದ್ದದ್ದು ಎರಡೇ ಮಾತು. ಪ್ರೋಟೀನು. ಕಡಿಮೆ.

ಊರಿಗೆ ಬಂದವಳೇ ಹುರುಳಿ ಕಟ್ಟು, ಹೆಸರುಬೇಳೆ ಎಂದು ಶುರು ಮಾಡಿದಳು. ಮೊಟ್ಟೆಯ ವಾಸನೆಗೇ ಮೂಗು ಮುಚ್ಚುತ್ತಿದ್ದವಳು ಮೊಟ್ಟೆ ಬೇಯಿಸಿ, ಹಿಸುಕಿ, ನುಂಗಿದಳು. ಪ್ರತಿ ತುತ್ತಿಗೂ ನೋವಿನಿಂದ ಕಣ್ಣಲ್ಲಿ ನೀರು. ಅಗಿಯಲಾಗದವರು ಯಾಕಿಷ್ಟು ಹಟ ಹಿಡಿಯಬೇಕು? ಕೇಳಿದ್ದಕ್ಕೆ ನನ್ನ ಕೈಗೆ ಇನ್ನೊಂದು ಮೊಟ್ಟೆ ಕೊಟ್ಟು ಸುಲಿ ಎಂದಳು.

ಮುಂದಿನ ಸಲ ಹೋದಾಗ ಡಾಕ್ಟರಮ್ಮನ ಎದುರು ಕುರ್ಚಿ ಎಳೆದುಕೊಂಡು ಕೂತಳು.

"ಈಗ ನೋಡಮ್ಮ, ಎಷ್ಟಾಗಿದೆ ಅಂತ. ಕುತ್ತಿಗೆ ಬಿಟ್ಬಿಡು."

ಡಾಕ್ಟರಮ್ಮ ನಗಲಿಲ್ಲ. "ಅದು ತಿಂದ್ರೆ ಬರೋ ಪ್ರೋಟೀನ್ ಅಲ್ಲಮ್ಮ."

"ಮತ್ತೆ ಯಾತರಿಂದ ಬರ್ತದೆ?"

ಅವರು ಆಪರೇಷನ್ನಿನ ಒಪ್ಪಿಗೆ ಪತ್ರವನ್ನು ಮುಂದೆ ಸರಿಸಿದರು. ಎದುರಾಳಿ ಸುಮ್ಮನಾದ ಮೇಲೂ ಚಿಕ್ಕಮ್ಮ ಗೆಲ್ಲದೆ ಎದ್ದುಬಂದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಆಪರೇಷನ್ ಆಯಿತು. ಕುತ್ತಿಗೆಯಿಂದ ತೆಗೆದ ಗಂಟುಗಳಲ್ಲೂ ಕ್ಯಾನ್ಸರ್ ಇತ್ತು. ಆಮೇಲೆ ರೇಡಿಯೇಷನ್. ಬಾಯಿ ಪೂರ್ತಿ ತೆರೆಯಲಾಗದೆ, ಅವಳ ಕನ್ನಡವೂ ತೆಲುಗೂ ಒಂದೇ ಥರ ಕೇಳತೊಡಗಿದವು. ನಾವು ಎರಡಕ್ಕೂ ಹೂಂ ಎನ್ನುತ್ತಿದ್ದೆವು. ಅದು ಗೊತ್ತಾಗಿ ಇನ್ನಷ್ಟು ಬೈಯುತ್ತಿದ್ದಳು. ಅದಕ್ಕೂ ಹೂಂ ಎನ್ನುತ್ತಿದ್ದೆವು.

ಮಾವು ಹೂ ಬಿಡುವ ಹೊತ್ತಿಗೆ ಕುತ್ತಿಗೆಯ ಬಲಗಡೆ ಹೊಸ ಗಂಟು ಕಾಣಿಸಿತು. ಇನ್ನು ನೋವು ಆಗದಂತೆ ನೋಡಿಕೊಳ್ಳಿ ಎಂದು ಹೇಳಿ ಮನೆಗೆ ಕಳಿಸಿದರು. ಬಸ್ಸಿನಲ್ಲಿ ಅವಳು ಕಿಟಕಿಯಿಂದ ಮುಖ ತಿರುಗಿಸಲೇ ಇಲ್ಲ.

ಮಧ್ಯಾಹ್ನ ಜಗಲಿಯ ಮೇಲೆ ಹಾಸಿಗೆ ಹಾಸಿ ಮಲಗಿಸಿದೆ. ಎದ್ದು ಕೂತು, ಹತ್ತಿರ ಬಾ ಎಂದು ಕೈಸನ್ನೆ ಮಾಡಿದಳು. ನನ್ನ ಫೋನ್ ಕಿತ್ತುಕೊಂಡು ಟಾರ್ಚ್ ಹಾಕಿದಳು.

"ಬಾಯಿ ತೆಗಿ."

ನಾನು ಒಂದು ದಿನವೂ ಕಡ್ಡಿಪುಡಿ ಮುಟ್ಟಿದವಳಲ್ಲ. ಆದರೂ ಬಾಯಿ ತೆರೆದೆ. ಒಂದು ಕೆನ್ನೆ ನೋಡಿದಳು, ಇನ್ನೊಂದು ಕೆನ್ನೆ ನೋಡಿದಳು, ನಾಲಿಗೆ ಎತ್ತಿಸಿ ಅಡಿಯನ್ನೂ ನೋಡಿದಳು. ಆಮೇಲೆ ಬೆರಳ ತುದಿಯಿಂದ ನನ್ನ ಕುತ್ತಿಗೆಯ ಎರಡೂ ಬದಿ ಒತ್ತಿ ಒತ್ತಿ, ಕಿವಿಯ ಕೆಳಗಿನಿಂದ ಭುಜದವರೆಗೆ ಹುಡುಕಿದಳು.

"ಏನಿಲ್ಲ" ಎಂದಳು. ಆ ಮಾತು ಮಾತ್ರ ಸ್ಪಷ್ಟವಾಗಿ ಕೇಳಿಸಿತು.

ಕೈ ಮಾತ್ರ ತೆಗೆಯಲಿಲ್ಲ.